ಎರಡೂ ಕಡೆ ಸವೆದ ಕಲ್ಲು

14 ಜೂನ್ 2014, ಶನಿವಾರ, ಸ್ಯಾಲಿಸ್‌ಬರಿ

ಗೈಡ್ ಆಂಟಿಗೆ ಇವತ್ತು ಯಾಕೆ ಸುಳ್ಳು ಹೇಳಿದೆನೋ. ಮ್ಯೂಸಿಯಂನಲ್ಲಿ ರೋಮನ್ ಸೈನಿಕರು ಗಡಿಯ ಕೋಟೆಯಲ್ಲಿ ಆಟದ ಚೌಕ ಮನೆಗಳನ್ನು ಕೊರೆದುಕೊಂಡಿದ್ದ ಕಲ್ಲಿತ್ತು. "ಎರಡೂ ಕಡೆ ಸವೆದಿದೆ ನೋಡಿ. ಊರು ಬಿಟ್ಟು ಬಂದವರು, ವರ್ಷಗಟ್ಟಲೆ ಎದುರುಬದುರು ಕೂತು ಆಡಿದ್ದಾರೆ," ಎಂದರು. ನಮ್ಮ ಚೌಕಾಬಾರದ ಹಾಗೇ ಇದೆ ಎಂದೆ.

"ನೀವು ಯಾರ ಜೊತೆ ಆಡ್ತೀರಿ?"

"ಗಂಡನ ಜೊತೆ, ದಿನಾ."

ಅಕ್ಷಯ ಕೆಲಸಕ್ಕೆಂದು ಪರ್ತ್‌ಗೆ ಹೋಗಿ ಏಳು ತಿಂಗಳಾಯಿತು. ಮಧ್ಯಾಹ್ನ, ಅಲ್ಲಿ ರಾತ್ರಿಯಾಗಿರುವಾಗ, ಫೋನ್ ಮಾಡಿ, "ಒಂದಾಟ ಆಡೋಣ್ವಾ? ನಿನ್ನ ಕವಡೆನೂ ನಾನೇ ಹಾಕ್ತೀನಿ," ಎಂದೆ. "ಸುಸ್ತಾಗಿದೆ ಐಶು, ಇನ್ನೊಂದಿನ," ಎಂದ.

ಕಾಗದದ ಮೇಲೆ ಮನೆ ಬರೆದು, ಇಬ್ಬರ ಕಾಯಿಗಳನ್ನೂ ನಾನೇ ನಡೆಸಿದೆ. ಅವನ ಕಾಯಿಗಳೇ ಮೊದಲು ಹಣ್ಣಾದವು. 'ನೀನೇ ಗೆದ್ದೆ' ಎಂದು ಹೇಳಲು ಫೋನ್ ಎತ್ತಿಕೊಂಡು, ಹಾಗೇ ಇಟ್ಟೆ.