ನೆನೆಹಾಕಿದ ಬಟ್ಟೆ ಮುಟ್ಟಬೇಡ

ಅಕ್ಕಾ,

ಮೊದಲು ಇಷ್ಟು ಓದು, ಉಳಿದದ್ದು ಆಮೇಲೆ. ಬಚ್ಚಲಿನ ಬಕೆಟ್ಟಿನಲ್ಲಿ ಭಾವನ ಕೆಲಸದ ಬಟ್ಟೆ ನೆನೆಹಾಕಿದ್ದರೆ ಅದನ್ನು ಮುಟ್ಟಬೇಡ. ಮುಟ್ಟಿಯಾಗಿದ್ದರೆ ಈಗಲೇ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೋ, ಉಗುರಿನ ಸಂದಿಯನ್ನೂ ಬಿಡಬೇಡ. ಮೈಮೇಲಿನ ಬಟ್ಟೆ ಬದಲಿಸು. ಆಮೇಲೆ ಕೂತು ಓದು.

ಬೆಳಿಗ್ಗೆಯಿಂದ ಎಷ್ಟು ಸಲ ತಟ್ಟಿ ಕೂಗಿದರೂ ನೀನು ಕದ ತೆಗೆಯದ್ದರಿಂದ ನಿಮ್ಮ ಮೆಟ್ಟಿಲ ಮೇಲೆಯೇ ಕೂತು ಬರೆಯುತ್ತಿದ್ದೇನೆ. ನಿನ್ನೆ ನೀನು ಅರ್ಧ ಬಾಗಿಲು ತೆರೆದು, "ನಮ್ಮ ಅನ್ನಕ್ಕೆ ಕಲ್ಲು ಹಾಕಿದೋನು, ಯಾವ ಮುಖ ಇಟ್ಕೊಂಡು ಬಂದೆ?" ಎಂದು ಕೇಳಿದೆ. ನಾನು ನಿನ್ನ ಕಣ್ಣುಗಳನ್ನು ನೋಡುತ್ತಿದ್ದೆ. ಈ ಕತ್ತಲೆ ಮೆಟ್ಟಿಲಲ್ಲಿ ಯಾರ ಕಣ್ಣಿನ ಪಾಪೆಯಾದರೂ ಅಗಲವಾಗಿರಬೇಕು. ನಿನ್ನದು ಸಾಸಿವೆ ಕಾಳಿನಷ್ಟಿತ್ತು. ಬೈಯುವ ನಡುವೆ ನೀನು ಎರಡು ಸಲ ತೋಳಿನಿಂದ ಬಾಯಂಚಿನ ಜೊಲ್ಲು ಒರೆಸಿಕೊಂಡೆ. ಹಣೆಯಲ್ಲಿ ಬೆವರಿತ್ತು. ಕದ ಹಾಕಿಕೊಂಡ ಮೇಲೂ ನಾನು ಅಲ್ಲೇ ನಿಂತಿದ್ದೆ.

ಹೂವಿನ ಗಾಜಿನಮನೆಯಲ್ಲಿ ಔಷಧಿ ಕೋಣೆಯ ಬೀಗದ ಕೈ ಹನ್ನೊಂದು ವರ್ಷದಿಂದ ನನ್ನ ಹತ್ತಿರವಿದೆ. ಔಷಧಿ ಎನ್ನುವುದು ನಮ್ಮ ಬಾಯಿಯ ರೂಢಿ, ಒಳಗಿರುವುದು ಹುಳುವಿನ ನರ ಹಿಡಿದು ಕೊಲ್ಲುವ ವಿಷ. ಮನುಷ್ಯನ ನರ ಬೇರೆ ಎಂದು ಅದಕ್ಕೆ ಗೊತ್ತಿಲ್ಲ. ಆ ಕೋಣೆಯ ಗೋಡೆಗೆ ಲಕ್ಷಣಗಳ ಪಟ್ಟಿ ಅಂಟಿಸಿದವನು ನಾನೇ. ಅದರ ಮೊದಲ ಸಾಲು: ಪಾಪೆ ಕಿರಿದಾಗುವುದು, ಕಣ್ಣು ಮಂಜಾಗುವುದು.

ತಿಂಗಳ ಹಿಂದೆ ನೀನು ನನ್ನನ್ನು ಕರೆಸಿದ್ದೆ. ಹೊಲಿಯಲು ತಂದ ಸಮವಸ್ತ್ರಗಳ ರಾಶಿಯ ಮಧ್ಯೆ ಕೂತು ಸೂಜಿಗೆ ದಾರ ಪೋಣಿಸಲು ಹೆಣಗಾಡುತ್ತಿದ್ದೆ. "ಬೆಳಕು ಸಾಲಲ್ಲ ಕಣೋ, ದೊಡ್ಡ ಬಲ್ಬ್ ಹಾಕ್ಕೊಡು" ಎಂದೆ. ನಾನು ಸ್ಟೂಲು ಹತ್ತಿ ಬಲ್ಬು ಬದಲಿಸಿದೆ. "ಈಗ?" ಎಂದರೆ, "ಅಷ್ಟಕ್ಕಷ್ಟೇ. ನನ್ನ ಕಣ್ಣಿಗೆ ವಯಸ್ಸಾಯ್ತು, ನಿನ್ನ ಬುದ್ಧಿಗೆ ಯಾವಾಗ ಆಗತ್ತೋ" ಎಂದು ನಕ್ಕೆ. ನಾನೂ ನಕ್ಕೆ. ಪಕ್ಕದ ಬಚ್ಚಲಿನಿಂದ ಆ ವಿಷದ ವಾಸನೆ ಬರುತ್ತಿತ್ತು, ಅಕ್ಕಾ. ದಿನವೂ ಮೂಗಿಗೆ ಬಡಿಯುವ ವಾಸನೆಯಾದ್ದರಿಂದ ನನ್ನ ಅಂಗಿಯದೇ ಇರಬೇಕು ಅಂದುಕೊಂಡೆ.

ಭಾವನನ್ನು ನಮ್ಮ ಗಾಜಿನಮನೆಯ ಸಿಂಪಡಣೆ ಕೆಲಸದಿಂದ ಬಿಡಿಸಿದ್ದು ಯಾರ ಮಾತಿನಿಂದ ಎಂದು ಆಗ ನಿನಗೆ ತಿಳಿದಿರಲಿಲ್ಲ. ಈಗ ತಿಳಿದಿದೆ, ಆದರೆ ಅರ್ಧ ಮಾತ್ರ. ಮಿಕ್ಕರ್ಧ ಹೇಳುತ್ತೇನೆ.

ವಿಷ ನರಕ್ಕೆ ಎಷ್ಟು ತಟ್ಟಿದೆ ಎಂದು ನೋಡಲು ಮೂರು ತಿಂಗಳಿಗೊಮ್ಮೆ ಮಾಡುವ ರಕ್ತಪರೀಕ್ಷೆಯಲ್ಲಿ ಅವನ ಅಂಕಿ ಅರ್ಧಕ್ಕೆ ಇಳಿದಿತ್ತು. ಮತ್ತೆ ಮೇಲೇರುವ ತನಕ ವಿಷದ ಹತ್ತಿರ ಬಿಡಬಾರದೆಂಬುದು ನಿಯಮ. ನಾನು ವರದಿ ಹಿಡಿದು ಮೇಲ್ವಿಚಾರಕನ ಬಳಿ ಹೋದೆ. "ಸಿಂಪಡಿಸೋ ಕೊಳವೆಯ ತುದಿ, ಆ ನಾಜಲ್ ಕಟ್ಟಿಕೊಂಡಾಗ ಇವನು ಬಲಗೈ ಗವಸು ತೆಗೀತಾನೆ, ಬರಿಗೈಲಿ ಸೂಜಿ ಹಾಕಿ ಬಿಡಿಸ್ತಾನೆ, ಅದೇ ಒದ್ದೆ ಕೈನ ಮತ್ತೆ ಗವಸಿಗೆ ತೂರಿಸ್ತಾನೆ" ಎಂದೆ. ಒಳಗೆ ಸೇರಿದ ವಿಷ ದಿನವಿಡೀ ಬೆವರಿನ ಜೊತೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಅಂಥ ಗವಸಿಗಿಂತ ಬರಿಗೈಯೇ ವಾಸಿ, ಅದನ್ನಾದರೂ ತೊಳೆದುಕೊಳ್ಳುತ್ತಾರೆ.

ಹೀಗೆ ಬಿಡಿಸಬೇಕೆಂದು ಅವನಿಗೆ ಕಲಿಸಿದವನು ನಾನು ಎಂದು ಮಾತ್ರ ಹೇಳಲಿಲ್ಲ. ಅವನು ಸೇರಿದ ಮೊದಲ ವಾರ ದಪ್ಪ ಗವಸಿನಲ್ಲಿ ಸೂಜಿ ನಿಲ್ಲದೆ ಪರದಾಡುತ್ತಿದ್ದ. "ತೆಗೀರಿ ಭಾವ, ಒಂದು ನಿಮಿಷಕ್ಕೆ ಏನಾಗಲ್ಲ" ಎಂದು ನಾನೇ ನನ್ನ ಗವಸು ಕಿತ್ತು ಮಾಡಿ ತೋರಿಸಿದೆ. ಜೇಬಿನಲ್ಲಿ ಇನ್ನೊಂದು ನಾಜಲ್ ಇಟ್ಟುಕೊಂಡು ಬದಲಿಸಿದರೆ ಸಾಕಿತ್ತು. ನನಗೆ ಅದು ಗೊತ್ತಿತ್ತು. ಅವಸರವಿತ್ತು.

ಬೇರೆ ಕೆಲಸಕ್ಕೆ ಹಾಕುತ್ತಾರೆ ಎಂದುಕೊಂಡಿದ್ದೆ. ಮನೆಗೇ ಕಳಿಸಿದರು. ಅವನು ಊರಾಚೆ ತೋಟಗಳಿಗೆ ಸಿಂಪಡಿಸಲು ಹೋಗತೊಡಗಿದ. ಅಲ್ಲಿ ರಕ್ತ ನೋಡುವವರಿಲ್ಲ. ನಮ್ಮಲ್ಲಿ ಕೆಲಸದ ಬಟ್ಟೆ ಒಳಗೇ ಒಗೆಯುತ್ತಿದ್ದರು, ಹೊರಗೆ ಹೋಗುತ್ತಿರಲಿಲ್ಲ; ಆ ತೋಟಗಳಿಂದ ಅದು ನೇರ ನಿನ್ನ ಕೈಗೆ ಬರುತ್ತದೆ. ಅವನನ್ನು ಉಳಿಸಲು ಹೋಗಿ ಆ ವಿಷವನ್ನು ನಿನ್ನ ಬಚ್ಚಲಿಗೆ ತಂದಿಟ್ಟವನು ನಾನು. ಅನ್ನಕ್ಕೆ ಕಲ್ಲು ಹಾಕಿದೆ ಎಂದೆಯಲ್ಲ, ಅದು ಕಡಿಮೆಯಾಯಿತು.

ಭಾವ ಒಪ್ಪುವುದಿಲ್ಲ, ಗೊತ್ತು. "ಸಂಜೆ ಒಂದು ಲೋಟ ಹಾಲು ಕುಡಿದ್ರೆ ಎಲ್ಲಾ ತೊಳೆದು ಹೋಗತ್ತೆ" ಎನ್ನುತ್ತಾನೆ. ನಿನಗೂ ಅದನ್ನೇ ಕುಡಿಸುತ್ತಿದ್ದಾನೇನೋ. ಚರ್ಮದಿಂದ ಒಳಗಿಳಿದದ್ದನ್ನು ಹಾಲು ಹೇಗೆ ತೊಳೆಯುತ್ತದೆ ಅಕ್ಕಾ? ಅವನ ಮೇಲೆ ಕೋಪ ಬೇಡ. ಗವಸಿನ ವಿಷಯ ಅವನಿಗೂ ಓದಿ ಹೇಳು. ನನಗೆ ಹೊಡೆಯಬೇಕೆನಿಸಿದರೆ ಆಸ್ಪತ್ರೆಯಲ್ಲಿ ಹೊಡೆಯಲಿ.

ಬೆಳಿಗ್ಗೆ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. "ನಾಳೆ ಅನ್ಬೇಡಿ, ಇವತ್ತೇ ಕರ್ಕೊಂಡು ಬನ್ನಿ. ಔಷಧಿ ಡಬ್ಬಿಯ ಲೇಬಲ್ ಸಿಕ್ಕರೆ ತನ್ನಿ" ಎಂದರು. ಇದಕ್ಕೆ ಇಂಜೆಕ್ಷನ್ ಇದೆ. ಆದರೆ ಎದೆ ಬಿಗಿದು ಉಸಿರು ಸಿಕ್ಕಿಹಾಕಿಕೊಳ್ಳುವ ಮೊದಲು ಹೋಗಬೇಕು. ಈಗ ನಾಲ್ಕೂ ಕಾಲು. ಅವರು ಆರರವರೆಗೆ ಇರುತ್ತಾರೆ. ಬಾಗಿಲಿನಾಚೆ ನಿನ್ನ ಹೊಲಿಗೆ ಯಂತ್ರ ಕೇಳಿಸುತ್ತಿದೆ, ನಾಲ್ಕು ಹೊಲಿಗೆ ಓಡಿ ನಿಲ್ಲುತ್ತದೆ, ಮತ್ತೆ ನಾಲ್ಕು. ಅದು ನಿಂತಾಗಲೆಲ್ಲ ನನ್ನ ಪೆನ್ನೂ ನಿಲ್ಲುತ್ತಿದೆ.

ನನ್ನ ಜೊತೆ ಬರಬೇಕೆಂದಿಲ್ಲ. ಎದುರು ಮನೆಯ ಟೀಚರು ಚಪ್ಪಲಿ ಮೆಟ್ಟಿ ತಯಾರಾಗಿದ್ದಾರೆ, ಕೆಳಗೆ ಗಾಡಿ ನಿಂತಿದೆ. ನೀನೂ ಅವರೂ ಹೋಗಿ. ನನ್ನ ಮುಖ ಕಾಣಬಾರದೆಂದರೆ ನಾನು ಮೇಲಿನ ಮಹಡಿಗೆ ಹತ್ತಿ ಗೋಡೆಗೆ ತಿರುಗಿ ನಿಂತುಕೊಳ್ಳುತ್ತೇನೆ. ಕಾಗದವನ್ನು ಬಾಗಿಲ ಕೆಳಗಿನಿಂದ ತಳ್ಳುತ್ತಿದ್ದೇನೆ. ಐದರವರೆಗೆ ಕಾಯುತ್ತೇನೆ, ಆಮೇಲೆ ಕದ ಒಡೆಯುತ್ತೇನೆ. ಅದಕ್ಕೂ ಬೈಯುವಿಯಂತೆ.

ನನ್ನ ಮುಖ ನೋಡದೆಯೇ ನೂರು ವರ್ಷ ಬಾಳು, ಅಕ್ಕಾ. ಈಗೊಮ್ಮೆ ಚಿಲಕ ತೆಗೆ.

ಬಾಗಿಲಿನ ಈಚೆಯಿಂದ,
ನಿನ್ನ ತಮ್ಮ