ಹಬ್ಬಕ್ಕೆ ಎರಡು ಮಣೆ

ಐಗಳಿ, ತಾ. ಅಥಣಿ
೫ ಅಕ್ಟೋಬರ್ ೨೦೨೫

ಚಿ. ಸೌ. ಸೀಮಾಳಿಗೆ,

ಬಾಬಾಸಾಹೇಬ ಮಾಮಾನ ಆಶೀರ್ವಾದಗಳು. ನಾನೂ ನಿನ್ನ ಅತ್ತೆ ಗೌರಾಬಾಯಿಯೂ ಕ್ಷೇಮ. ನೀನು, ಭರತರಾವ್, ನಿಪ್ಪಾಣಿಯ ಮನೆಯವರೆಲ್ಲ ಚೆನ್ನಾಗಿದ್ದೀರೆಂದು ಗೌರಾಬಾಯಿ ಪ್ರತಿ ಸೋಮವಾರ ನಿನ್ನ ಫೋನು ಇಟ್ಟ ಮೇಲೆ ಗೋಡೆಗೆ ಹೇಳಿದ ಹಾಗೆ ಹೇಳುತ್ತಾಳೆ. ನಾನೂ ಗೋಡೆಯ ಹಾಗೆಯೇ ಕೇಳಿಸಿಕೊಳ್ಳುತ್ತೇನೆ.

ಹೋದ ವರ್ಷ ನಿನ್ನ ಎರಡನೆಯ ಮದುವೆಯ ಪತ್ರಿಕೆಯೊಳಗೆ, "ಮಾಮಾ, ನೀವು ಬಂದು ನಾಲ್ಕು ಅಕ್ಷತೆ ಹಾಕಿದರೆ ಸಾಕು" ಎಂದು ಚೀಟಿ ಇಟ್ಟಿದ್ದೆ. ಅದಕ್ಕೆ ಹದಿನೇಳು ತಿಂಗಳ ಮೇಲೆ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು ಅಂದರೆ ಸುಳ್ಳಾಗುತ್ತದೆ. ಹಟ ಹಿಡಿದು ಬರೆದಿರಲಿಲ್ಲ. ನಮ್ಮ ಮಗ ಸಮಾಧಾನ ತೀರಿಕೊಂಡು ಬರುವ ತಿಂಗಳಿಗೆ ಮೂರು ವರ್ಷ. ಅವನ ಹೆಂಡತಿಯಾಗಿದ್ದವಳು ಇನ್ನೊಂದು ಮನೆಯ ದೀಪ ಹಚ್ಚುವುದನ್ನು ನನ್ನಿಂದ ನೋಡಲಾಗಲಿಲ್ಲ, ಅಷ್ಟೇ. ಫೋನು ಮಾಡಬಹುದಿತ್ತು. ನಿನ್ನ ದನಿ ಕೇಳಿದ್ದರೆ ಹೇಳಬೇಕಾದದ್ದು ಬಿಟ್ಟು ಮಳೆ ಬೆಳೆಯ ಮಾತಾಡಿ ಇಟ್ಟುಬಿಡುತ್ತಿದ್ದೆ.

ಗಣಪತಿ ಹಬ್ಬ ಮುಗಿದ ವಾರ ಲಗಮವ್ವ ಬಂದಿದ್ದಳು. ನಮ್ಮ ದ್ರಾಕ್ಷಿ ತೋಟಕ್ಕೆ ಕೆಲಸಕ್ಕೆ ಬರುವ ಕುರಿಗಾರರ ಲಗಮವ್ವ, ನಿನಗೆ ನೆನಪಿರಬೇಕು. ಸೆರಗಿನಲ್ಲಿ ಒಂದು ಮರದ ಕುರಿ. ಸಮಾಧಾನ ಪ್ರತಿ ದೀಪಾವಳಿಗೆ ಕೆಲಸದವರ ಮನೆಗಳಿಗೆಲ್ಲ ಏನಾದರೊಂದು ಮಾಡಿ ಕೊಡುತ್ತಿದ್ದನಲ್ಲ, ಆಗ ಕೊಟ್ಟದ್ದು.

"ಸಾವಕಾರ್ರ, ಇದರ ಗಾಲಿ ಮುರದೈತ್ರಿ. ನಮ್ಮ ಕುರಿ ಕುಂಟಾಕತ್ತೈತಿ ಅಂತ ಮೊಮ್ಮಗಳು ಉಣವಲ್ಲಳು" ಎಂದಳು.

"ಮಾಡಾಂವ ಇಲ್ಲಲ್ಲ ಲಗಮವ್ವಾ."

"ಸಾಮಾನ ಅದಾವಲ್ರಿ. ನಿಮಗೂ ಎರಡ ಕೈ ಅದಾವು."

ಬೈಯಬೇಕೆಂದುಕೊಂಡವನು ಎದ್ದು ಕೀಲಿಕೈ ತಂದೆ. ಅವನು ಮರಗೆಲಸ ಮಾಡುತ್ತಿದ್ದ ಹಿತ್ತಿಲ ಶೆಡ್ಡಿನ ಬೀಗ ತೆಗೆದೆ. ಅವನು ಹೋದ ಮೇಲೆ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ಉಳಿ, ಗರಗಸ ಎಲ್ಲ ಜಂಗು ಹಿಡಿದು ಹೋಗಿರುತ್ತವೆ ಎಂದೇ ಒಳಗೆ ಹೋದೆ. ಹಲಗೆಯ ಮೇಲೆ ಹಸಿರು ಬಟ್ಟೆಯ ಗಂಟುಗಳು ಸಾಲಾಗಿ ಇದ್ದವು. ಒಂದನ್ನು ಬಿಚ್ಚಿದೆ: ಎಣ್ಣೆ ಸವರಿದ ಉಳಿ, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಇನ್ನೊಂದು ಬಿಚ್ಚಿದೆ. ಎಲ್ಲವೂ ಹಾಗೆಯೇ. ಬಟ್ಟೆಯ ಗುರುತು ಹತ್ತಿತು. ಈ ಮನೆಗೆ ಬಂದ ವರ್ಷ ದೀಪಾವಳಿಗೆ ನೀನು ಉಟ್ಟಿದ್ದ ಸೀರೆ ಅದು.

ಗೌರಾಬಾಯಿಯನ್ನು ಕೇಳಿದರೆ, "ಅಂವ ಹ್ವಾದ ಮ್ಯಾಲ ಆಕಿ ತವರಿಗಿ ತಿರುಗಿ ಹೋಗೂ ಮುಂದ ಎರಡ ದಿನ ಅಲ್ಲೇ ಕುಂತಿದ್ಲು. ನೀವು ಕೇಳಲಿಲ್ಲ, ನಾ ಹೇಳಲಿಲ್ಲ" ಎಂದಳು.

ನೀನು ತಿರುಗಿಯೂ ನೋಡದೆ ಹೋದೆ ಎಂದು ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಮುಂದೆ ಹೇಳಿದವನು ನಾನು. ಅಂದು ಶೆಡ್ಡಿನಲ್ಲಿ ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಕೂತುಬಿಟ್ಟೆ. ಲಗಮವ್ವ ಹೊರಗೆ ಕಾಯುತ್ತಿದ್ದವಳು, ಏನು ತಿಳಿಯಿತೋ, ಕುರಿಯನ್ನು ಹೊಸ್ತಿಲ ಮೇಲಿಟ್ಟು ಹೋಗಿದ್ದಳು.

ಗಾಲಿ ಮಾಡಲು ನನಗೆ ನಾಲ್ಕು ದಿನ ಬೇಕಾಯಿತು. ಅರವತ್ತೆಂಟನೆಯ ವಯಸ್ಸಿಗೆ ಕೈ ಹೇಳಿದ ಮಾತು ಕೇಳುವುದಿಲ್ಲ. ಆದರೆ ಆ ಕುರಿ ಓಡಿತು, ಮಗು ಉಂಡಿತು ಎಂದು ಸುದ್ದಿ ಬಂದಾಗ ಬಹಳ ದಿನದ ಮೇಲೆ ನನಗೂ ಅನ್ನ ರುಚಿಸಿತು. ಆಮೇಲೆ ಬಿಡಲಿಲ್ಲ. ಬೆಳಿಗ್ಗೆ ತೋಟ ಸುತ್ತಿ ಬಂದವನೇ ಶೆಡ್ಡು ಸೇರುತ್ತೇನೆ. ಮೊದಲು ಮಾಡಿದ ಲಟ್ಟಣಿಗೆಯನ್ನು ಗೌರಾಬಾಯಿ ಹಿಡಿದು ನೋಡಿ, "ಇದರಿಂದ ಲಟ್ಟಿಸಿದ್ರ ಚಪಾತಿ ಅಲ್ಲ, ಮಹಾರಾಷ್ಟ್ರದ ನಕಾಶಿ ಆಗತೈತಿ" ಎಂದಳು. ಮೂರು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳೇ ಅದನ್ನು ಅಡಿಗೆಮನೆಯಲ್ಲಿ ಇಟ್ಟುಕೊಂಡಿದ್ದಾಳೆ, ಬೇರೆ ಯಾರಿಗೂ ಕೊಡಲು ಬಿಡುವುದಿಲ್ಲ. ಕೆಲಸದವರ ಒಂಬತ್ತು ಮನೆಗಳಿಗೂ ಈ ಸಲ ಹಬ್ಬಕ್ಕೆ ಏನಾದರೊಂದು ಹೋಗುತ್ತದೆ. ಕೆಲವು ಸೊಟ್ಟಗಿವೆ. ಯಾರೂ ಬೇಡ ಅನ್ನಲಿಕ್ಕಿಲ್ಲ.

ನಿನ್ನ ಯಜಮಾನರು ಭರತರಾವ್ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಗೌರಾಬಾಯಿಯ ಕಣ್ಣಿನ ಆಪರೇಶನ್ನಿಗೆ ಅವರೇ ಕಾರು ತಂದು ಮಿರಜಿಗೆ ಕರೆದೊಯ್ದರು. ನಾನು ಹಿಂದಿನ ಸೀಟಿನಲ್ಲಿ ಮುಖ ಹೊರಳಿಸಿ ಕೂತಿದ್ದೆ. ಅವರು ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳದೆ, "ಸಕ್ರಿ ಕಡಿಮಿ ಹಾಕ್ಸೇನ್ರಿ" ಎಂದು ಚಹಾ ತಂದು ಕೈಗಿಟ್ಟರು. ನನಗೆ ಸಕ್ಕರೆ ಕಾಯಿಲೆ ಎಂದು ಅವರಿಗೆ ನೀನೇ ಹೇಳಿರಬೇಕು. ಆ ಚಹಾಕ್ಕೆ ಅಂದು ಒಂದು ಒಳ್ಳೆಯ ಮಾತು ಆಡಲಿಲ್ಲ. ಇಂದು ಇಬ್ಬರಿಗೂ ಕೈಮುಗಿಯುತ್ತೇನೆ.

ಹಳೆಯ ಚಕ್ಕಡಿಯ ಜಾಲಿ ಮರ ಕೊಯ್ದು ನಿಮಗೆಂದು ಎರಡು ಮಣೆ ಮಾಡಿದ್ದೇನೆ. ದೀಪಾವಳಿ ಪಾಡ್ಯದ ದಿನ ಮಗಳನ್ನೂ ಅಳಿಯನನ್ನೂ ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿ ಆರತಿ ಮಾಡುವುದು ತವರಿನವರ ಹಕ್ಕು. ರಾಯಬಾಗದಲ್ಲಿ ನಿನ್ನ ತಾಯಿ ಸಾವಿತ್ರೆವ್ವ ಇದ್ದಾರೆ, ಅವರ ಹಕ್ಕು ಮೊದಲನೆಯದು. ಅವರಿಗೂ ಗೌರಾಬಾಯಿ ಫೋನು ಮಾಡಿ ಕೇಳಿದ್ದಾಳೆ. "ಈ ವರ್ಷ ನಿಮ್ಮ ಕಡೆ ಆಗ್ಲಿ ತಗೋರಿ" ಎಂದರಂತೆ. ದೊಡ್ಡ ಮನಸ್ಸು. ಈ ಮನೆಯೂ ನಿನ್ನ ತವರೆಂದು ತಿಳಿದು ಇಬ್ಬರೂ ಬನ್ನಿ.

ಶಿವ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ನಿನ್ನ ಮಡಿಲು ತುಂಬಲಿ. ಹಬ್ಬಕ್ಕೆ ಹೊಸ ಸೀರೆ ತರಬೇಡ, ಇಲ್ಲಿ ತೆಗೆದಿಟ್ಟಿದ್ದೇವೆ. ಹಸಿರೇ.

ನಿನ್ನ ಅಪ್ಪನಂಥವನು,
ಬಾಬಾಸಾಹೇಬ

ತಾ.ಕ.: ಬರುವ ಮೊದಲು ನೀನು ಇದನ್ನು ತಿಳಿದಿರಬೇಕು. ಸಮಾಧಾನ ತೀರಿಕೊಂಡ ದಿನ ನೀನು ತವರಿನಲ್ಲಿದ್ದೆ. ಹೆಂಡತಿ ಮನೆಯಲ್ಲಿದ್ದಿದ್ದರೆ ದವಾಖಾನೆಗಾದರೂ ಒಯ್ಯುತ್ತಿದ್ದಳು ಎಂದು ಮಣ್ಣಿಗೆ ಬಂದವರೆಲ್ಲ ಅಂದರು. ನೀನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನಾನು ಪಕ್ಕದಲ್ಲೇ ಇದ್ದೆ. ಅಂದು ಬೆಳಿಗ್ಗೆ ಏಳಕ್ಕೆ ಅವನು ನನ್ನ ಹತ್ತಿರ ಬಂದು, "ಅಪ್ಪಾ, ಎದಿ ಹಿಡದಂಗ ಆಗೈತಿ, ಅಥಣಿಗಿ ಹೋಗಿ ತೋರಿಸಿಕೊಂಡ ಬರ್ತೇನಿ" ಎಂದಿದ್ದ. ಮೋಡ ಮುಸುಕಿತ್ತು, ದ್ರಾಕ್ಷಿಗೆ ರೋಗ ಬೀಳುವ ಭಯ. "ಗ್ಯಾಸ್ ಆಗಿರತೈತಿ. ಮೊದಲ ಔಷಧಿ ಹೊಡಿ, ಆಮ್ಯಾಲ ಹೋಗು" ಎಂದೆ. ತೋಟದಲ್ಲಿ ಔಷಧಿ ಹೊಡೆಯುತ್ತಲೇ ಬಿದ್ದ, ಮತ್ತೆ ಏಳಲಿಲ್ಲ. ನಿನ್ನೆ ಗೌರಾಬಾಯಿಗೆ ಹೇಳಿದೆ. ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟು, "ಸೀಮಾಗ ಬರೀರಿ" ಎಂದಳು. ಪಾಡ್ಯದ ದಿನ ನಮ್ಮ ಭಾವಕಿಯ ಬಂಧುಗಳೆಲ್ಲ ಊಟಕ್ಕೆ ಕೂತಾಗ ಎದ್ದು ನಿಂತು ಎಲ್ಲರಿಗೂ ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ ಮಗಳೇ, ಬಾರದಿದ್ದರೂ ಹೇಳುತ್ತೇನೆ.