ಎಡಗಡೆಯ ಪೆಟ್ಟಿಗೆಯ ನಾತ

ಅಬ್ರಾರ್,

ತಾರಸಿಯ ಎಡಗಡೆಯ ಜೇನುಪೆಟ್ಟಿಗೆಯನ್ನು ಬೆಳಿಗ್ಗೆ ತೆರೆದೆ. ಮರಿಹುಳುಗಳೆಲ್ಲ ಕೊಳೆತು ಕಂದು ಲೋಳೆಯಾಗಿವೆ. ಆ ನಾತಕ್ಕೆ ಅಲ್ಲೇ ವಾಂತಿಯಾಯಿತು.

ಒಳಗಿನ ಗ್ಯಾಸ್ ಸೆನ್ಸರ್ ಈ ನಾತವನ್ನು ಮೊದಲೇ ಹಿಡಿದು, ನಾನು ಊರಲ್ಲಿಲ್ಲದಾಗ ನಿನ್ನ ಫೋನಿಗೆ ಎಚ್ಚರಿಕೆ ಕಳಿಸುತ್ತಲೇ ಇತ್ತು. ನಿನ್ನ ಅಕ್ಕ ನಾನು ಕೇಳಿದರೆ, "ಏನಿಲ್ಲ ಆಪಾ, ಸೆನ್ಸರೇ ಕೆಟ್ಟೋಗಿದೆ, ಆಫ್ ಮಾಡ್ಬಿಟ್ಟೆ" ಅಂದೆ. ನೀನು ಒಮ್ಮೆಯೂ ಮರಿಗಳನ್ನು ಸರಿಯಾಗಿ ನೋಡಲಿಲ್ಲ. ಥೂ. ನಿನ್ನ ಮೇಲೆ ಆಗುತ್ತಿರುವಷ್ಟು ಹೇಸಿಗೆ ಆ ಲೋಳೆಯ ಮೇಲೂ ಆಗಲಿಲ್ಲ.

ಆ ಪೆಟ್ಟಿಗೆಯ ಎರಿಗಳನ್ನೆಲ್ಲ, ಒಂದೂ ಮೇಣದ ತಟ್ಟಿ ಬಿಡದೆ, ಸುಟ್ಟುಹಾಕು. ಅದನ್ನು ಮುಟ್ಟಿದ ಕೈಯಲ್ಲಿ ಬಲಗಡೆಯ ಪೆಟ್ಟಿಗೆ ಮುಟ್ಟಬೇಡ, ರೋಗ ಅಂಟುತ್ತದೆ. ಅಲ್ಲಿನ ಹುಳುಗಳು ಇನ್ನೂ ಚೆನ್ನಾಗಿವೆ.

ಫ್ರಿಜ್ಜಿನಲ್ಲಿ ಖೀಮಾ ಇದೆ, ತಿನ್ನು. ನನಗೆ ಸೇರಲಿಲ್ಲ.

ಇನ್ನೊಂದು. ಎಚ್ಚರಿಕೆ ಬರುತ್ತಿದ್ದಾಗಲೇ ಆ ಪೆಟ್ಟಿಗೆಯಿಂದ ಮರಿಗಳಿದ್ದ ಒಂದು ಎರಿಯನ್ನು ಕುಕ್ ಟೌನಿನ ಮಂಜುಳಮ್ಮನವರ ಜೇನುಪೆಟ್ಟಿಗೆಗೆ ಕೊಟ್ಟೆಯಂತೆ. ಈಗಷ್ಟೇ ಅವರೇ ಫೋನ್ ಮಾಡಿದ್ದರು. "ನಮ್ ಪೆಟ್ಟಿಗೇನೂ ಯಾಕೋ ನಾರ್ತಾ ಇದೆ ಕಣಮ್ಮ. ಒಳಗೆ ಇಲಿ ಸತ್ತಿರ್ಬೇಕು."

ಇಲಿಯಲ್ಲ ಎಂದು ನಾನಿನ್ನೂ ಹೇಳಿಲ್ಲ. ಸ್ನಾನ ಮಾಡಿಕೊಂಡು ಅಲ್ಲಿಗೆ ಬಾ. ನಾನು ಅವರ ಗೇಟಿನ ಹತ್ತಿರ ನಿಂತಿರುತ್ತೇನೆ. ಅವರಿಗೆ ನೀನೇ ಹೇಳಬೇಕು.

ಲುಬ್ನಾ